ಹದಿಮೂರು ಮಾಟಗಾತಿಯರ ಕೂಟ

ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಓದಿದವರು ಅದರ ಮೂವರು ಮಾಟಗಾತಿಯರನ್ನು ಮರೆಯಲಾರರು. ಬಳಿಕದ ಪಾಶ್ಚಾತ್ಯ ಕಥೆಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಇಂತಹವರ ಗುಂಪು ದೊಡ್ಡದಾಯಿತು. ಅದಕ್ಕೆ ‘ಕವೆನ್’ ಎಂಬ ಹೆಸರೂ ಹದಿಮೂರೆಂಬ ಸಂಖ್ಯೆಯೂ ಅಂಟಿಕೊಂಡವು. ನಡುರಾತ್ರಿಯಲ್ಲಿ ನೆರೆದು ಸೈತಾನನನ್ನು ಪೂಜಿಸುವ ಹದಿಮೂರು ಮಂದಿಯ ರಹಸ್ಯಕೂಟವೇ ಕವೆನ್ ಎಂಬುದು ಜನರ ಭಾವನೆ. ಇಂತಹ ಕೂಟಗಳು ನಿಜವಾಗಿ ಇದ್ದುವೆ? ಇದ್ದುವೆಂದು ನಂಬುವುದಕ್ಕೆ ಆಧಾರವೇನು?

‘ಒಂದೆಡೆ ಸೇರು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಈ ಶಬ್ದವು ಹುಟ್ಟಿದೆ. ಕ್ರೈಸ್ತ ಸಂನ್ಯಾಸಿನಿಯರ ಮಠವನ್ನು ಸೂಚಿಸುವ ‘ಕಾನ್ವೆಂಟ್’ ಶಬ್ದವೂ ಅದರಿಂದಲೇ ಬಂದುದು. ಮಾಟಗಾತಿಯರ ಗುಂಪಿಗೆ ಇದು ರೂಢಿಯಾದುದು ಸ್ಕಾಟ್ಲೆಂಡಿನಲ್ಲಿ. 1662ರಲ್ಲಿ ಅಲ್ಲಿನ ಆಲ್ಡರ್ನ್ ಎಂಬ ಊರಿನ ಇಸೊಬೆಲ್ ಗೌಡಿ ಎಂಬಾಕೆ ಆರು ವಾರಗಳ ಅವಧಿಯಲ್ಲಿ ನಾಲ್ಕು ಬಾರಿ ತಪ್ಪೊಪ್ಪಿಗೆಯ ಹೇಳಿಕೆಯನ್ನು ಕೊಟ್ಟಳು. ಪ್ರತಿಯೊಂದು ಕವೆನ್ನಿನಲ್ಲಿಯೂ ಹದಿಮೂರು ಮಂದಿ ಇರುವರೆಂದು ಹೇಳಿದವಳು ಇವಳೇ. ಆದರೆ ತಾನು ಮೊಲದ ರೂಪವನ್ನು ತಾಳಿದುದಾಗಿಯೂ, ಬೆಟ್ಟದೊಳಗೆ ಹೊಕ್ಕು ಯಕ್ಷಿಣಿಯರ ರಾಣಿಯಿಂದ ಊಟವನ್ನು ಪಡೆದುದಾಗಿಯೂ ಅವಳು ಅದೇ ಹೇಳಿಕೆಗಳಲ್ಲಿ ನುಡಿದಿದ್ದಾಳೆ.

ಆ ಕಾಲದ ವಿಚಾರಣೆಯ ಕ್ರಮವನ್ನು ತಿಳಿದರೆ ಇಂತಹ ತಪ್ಪೊಪ್ಪಿಗೆಗಳ ಬೆಲೆ ಎಷ್ಟೆಂಬುದು ಗೊತ್ತಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಆರೋಪಿತರಿಗೆ ದಿನಗಟ್ಟಲೆ ನಿದ್ರೆ ಕೊಡದಿರುವುದು ವಾಡಿಕೆಯಾಗಿತ್ತು. ನಿದ್ರೆಗೆಟ್ಟ ಮನಸ್ಸು ಕನಸನ್ನೂ ನನಸನ್ನೂ ಬೇರ್ಪಡಿಸಲಾರದು. ಕೂಟಕ್ಕೆ ಹೋದೆಯೋ ಇಲ್ಲವೋ ಎಂದು ಕೇಳುವುದರ ಬದಲು, ಅಲ್ಲಿ ಯಾರಾರನ್ನು ಕಂಡೆ ಎಂದು ಕೇಳುತ್ತಿದ್ದರು. ಹಿಂಸೆಯನ್ನು ತಾಳಲಾರದೆ ಒಬ್ಬಳು ನೆರೆಯವರ ಹೆಸರನ್ನು ಹೇಳಿದರೆ ಅವರೂ ಸೆರೆಯಾಗಿ ಮತ್ತಷ್ಟು ಹೆಸರುಗಳನ್ನು ಹೇಳುವರು. ಹೀಗೆ ವಿಚಾರಣೆಯ ಕಡತದಲ್ಲಿಯೇ ಒಂದು ಕೂಟವು ಸಿದ್ಧವಾಗುತ್ತಿತ್ತು! ಜರ್ಮನಿಯ ಫ್ರೀಡ್ರಿಖ್ ಸ್ಪೇ ಎಂಬ ಪಾದ್ರಿ 1631ರಲ್ಲಿಯೇ ಗ್ರಂಥವೊಂದನ್ನು ಬರೆದು ಈ ಕ್ರಮವನ್ನು ಖಂಡಿಸಿದನು. ಆದರೂ 15ನೆಯ ಶತಮಾನದಿಂದ 18ನೆಯ ಶತಮಾನದವರೆಗೆ ಯೂರೋಪಿನಲ್ಲಿ ಸುಮಾರು 40,000ದಿಂದ 60,000 ಮಂದಿ ಈ ಆರೋಪಕ್ಕಾಗಿ ಪ್ರಾಣ ತೆತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು.

ಹದಿಮೂರರ ಕಥೆಗೆ ವಿದ್ವತ್ತಿನ ಮುದ್ರೆ ಬಿದ್ದುದು 1921ರಲ್ಲಿ. ಈಜಿಪ್ಟಿನ ಪ್ರಾಚೀನ ಇತಿಹಾಸದಲ್ಲಿ ಪಂಡಿತಳಾಗಿದ್ದ ಮಾರ್ಗರೆಟ್ ಮರ್ರೆ ಎಂಬಾಕೆ, ಮಾಟಗಾತಿಯರು ಕ್ರೈಸ್ತಮತಕ್ಕಿಂತ ಹಳೆಯದಾದ ಒಂದು ಧರ್ಮದ ಅನುಯಾಯಿಗಳೆಂದೂ, ಹದಿಮೂರು ಮಂದಿಯ ಕೂಟಗಳಾಗಿ ಅವರು ಎಲ್ಲೆಡೆಯೂ ಹರಡಿದ್ದರೆಂದೂ ವಾದಿಸಿದಳು. 1975ರಲ್ಲಿ ನಾರ್ಮನ್ ಕೋನ್ ಎಂಬ ಇತಿಹಾಸಕಾರನು ಅವಳ ಆಧಾರಗಳನ್ನು ಮೂಲದೊಡನೆ ಹೋಲಿಸಿ ನೋಡಿದನು. ತಪ್ಪೊಪ್ಪಿಗೆಗಳಲ್ಲಿದ್ದ ಅಸಂಭವ ಭಾಗಗಳನ್ನು ಬಿಟ್ಟು, ಸಂಭವನೀಯವಾಗಿ ತೋರುವುದನ್ನಷ್ಟೇ ಆಕೆ ಉದ್ಧರಿಸಿದ್ದಳು! ಒಬ್ಬ ಸಾಕ್ಷಿಯ ಮಾತಿನಲ್ಲಿ ಮೊಲವಾದುದನ್ನು ಅಳಿಸಿ ಹದಿಮೂರನ್ನು ಮಾತ್ರ ಉಳಿಸಿಕೊಳ್ಳುವುದು ಶಾಸ್ತ್ರೀಯ ಪದ್ಧತಿಯಲ್ಲ. ಇಂದಿನ ಇತಿಹಾಸಜ್ಞರು ಮರ್ರೆಯ ವಾದವನ್ನು ಒಪ್ಪುವುದಿಲ್ಲ.

ವಿಚಿತ್ರವೆಂದರೆ, ಆ ವಾದವೇ ನಿಜವಾದ ಕೂಟಗಳಿಗೆ ಪ್ರೇರಣೆಯಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್‌ನರ್ ಎಂಬ ಆಂಗ್ಲೇಯನು ಮಾಟಗಾತಿಯರ ಧರ್ಮವು ಇನ್ನೂ ಜೀವಂತವಾಗಿದೆಯೆಂದು ಒಂದು ಪುಸ್ತಕವನ್ನು ಬರೆದನು. ಅದಕ್ಕೆ ಮುನ್ನುಡಿ ಮರ್ರೆಯದೇ. ‘ವಿಕ್ಕ’ ಎಂಬ ಈ ಹೊಸ ಧರ್ಮದವರು ಇಂದು ಹಲವು ದೇಶಗಳಲ್ಲಿದ್ದಾರೆ. ತಮ್ಮ ಚಿಕ್ಕ ಗುಂಪುಗಳನ್ನು ಅವರೂ ಕವೆನ್ ಎಂದೇ ಕರೆಯುತ್ತಾರೆ. ಅವರ ಉಪಾಸನೆ ಪ್ರಕೃತಿಯದು. ಸೈತಾನನಿಗೆ ಅದರಲ್ಲಿ ಸ್ಥಾನವಿಲ್ಲ.

ಅಂದು ದಂಡನೆಗೊಳಗಾದವರಿಗಾಗಿ ಸ್ಕಾಟ್ಲೆಂಡಿನ ಪ್ರಥಮ ಮಂತ್ರಿ 2022ರಲ್ಲಿ ಕ್ಷಮೆ ಯಾಚಿಸಿದರು. ಆದರೆ ಈ ಪಿಡುಗು ಯೂರೋಪಿಗೆ ಮಾತ್ರ ಸೇರಿದುದಲ್ಲ. ಹೆಂಗಸರಿಗೆ ‘ಡಾಯನ್’ ಎಂಬ ಹೆಸರಿಟ್ಟು ಹಿಂಸಿಸುವುದನ್ನು ತಡೆಯಲು ನಮ್ಮ ಬಿಹಾರ ರಾಜ್ಯವೇ 1999ರಲ್ಲಿ ಶಾಸನ ಮಾಡಬೇಕಾಯಿತು. ಒಬ್ಬರ ಮೇಲೆ ಗುಂಪು ಆರೋಪ ಹೊರಿಸಿದಾಗ ಸಾಕ್ಷ್ಯವೇನು, ಅದು ದೊರೆತ ಬಗೆ ಯಾವುದು ಎಂದು ಕೇಳುವ ವಿವೇಕ ಅಂದಿನಷ್ಟೇ ಇಂದಿಗೂ ಅವಶ್ಯಕ.