ಹೊಗೆಕೊಳವೆಗಳ ನಡುವೆ ಸ್ಪಾರ್ಕ್ ಪ್ಲಗ್ ಕಳಚುವ ಸಾಧನ

ಗೊರೂರು-ಹಾಸನ ದಾರಿಯಲ್ಲಿ ಬಹುಕಾಲ ಓಡಾಡಿದ ಹಳೆಯ ಅಂಬಾಸಡರ್ ಕಾರಿನ 1489 ಘನ ಸೆಂಟಿಮೀಟರ್ ಎಂಜಿನ್ನಿನಲ್ಲಿ ಪ್ಲಗ್ಗುಗಳು ಒಂದು ಪಾರ್ಶ್ವದಲ್ಲಿ, ಹೊಗೆದ್ವಾರಗಳು ಇನ್ನೊಂದರಲ್ಲಿ. ಅಲ್ಲಿ ಸಾಮಾನ್ಯ ಬಾಕ್ಸ್ ಸ್ಪ್ಯಾನರೇ ಸಾಕು. ಎರಡೂ ಒಂದೇ ಪಾರ್ಶ್ವಕ್ಕೆ ಬರುವ ಅಮೆರಿಕದ ವಿ-8 ಎಂಜಿನ್ನುಗಳಿಗೆ ಪ್ರತ್ಯೇಕವಾಗಿ ಕೊಂಡ ಹೆಡರ್ ಕೊಳವೆಗಳನ್ನು ಜೋಡಿಸಿದಾಗ ಸ್ಪ್ಯಾನರ್ ನೇರವಾಗಿ ಕೂರದು. ಓರೆಯಾಗಿ ತುರುಕಿದರೆ ಪ್ಲಗ್ಗಿನ ಪಿಂಗಾಣಿ ಬಿರಿಯುತ್ತದೆ. ಬಿರುಕು ಕಣ್ಣಿಗೆ ಕಾಣದಿದ್ದರೂ ವಿದ್ಯುತ್ತು ಅಲ್ಲಿಯೇ ಸೋರಿಹೋಗಿ ಕಿಡಿ ತಪ್ಪುತ್ತದೆ.

ಸ್ಪ್ಯಾನರಿನ ಗೋಡೆಯನ್ನು ಉಜ್ಜಿ ತೆಳುಮಾಡುವುದು ನಮ್ಮ ಮತದಲ್ಲಿ ಸಲ್ಲದು. ಮೂಲೆಗಳಲ್ಲಿ ಅದು ಸೀಳೀತು. ಉದ್ದವನ್ನು ಕತ್ತರಿಸುವುದೇ ಲೇಸು. ಉಳಿದ ಗಿಡ್ಡ ತುಂಡಿನ ಹೊರಮೈಯೂ ಷಟ್ಕೋನವಾಗಿರುವುದರಿಂದ ಬಾಯ್ತೆರೆದ ಸ್ಪ್ಯಾನರಿನಿಂದ ಪಕ್ಕದಿಂದಲೇ ತಿರುಗಿಸಬಹುದು. ಪಿಂಗಾಣಿ ಮೇಲ್ಗಡೆ ನಿರಾತಂಕವಾಗಿ ಚಾಚಿಕೊಂಡಿರುತ್ತದೆ.

ಎಂಜಿನ್ ಆರಿದ ಮೇಲೆಯೇ ಕೈಹಾಕತಕ್ಕದ್ದು. ಹೊಸ ಪ್ಲಗ್ಗನ್ನು ಬೆರಳಿಗೆ ಎಟುಕದಲ್ಲಿ ರಬ್ಬರ್ ಕೊಳವೆಯ ತುಂಡಿಗೆ ಸಿಕ್ಕಿಸಿ ತಿರುಗಿಸಬೇಕು: ಥ್ರೆಡ್ಡು ಅಡ್ಡವಾಗಿ ಕಚ್ಚಿದರೆ ರಬ್ಬರು ತಾನಾಗಿ ಜಾರುತ್ತದೆ, ಸಿಲಿಂಡರಿನ ತಲೆ ಉಳಿಯುತ್ತದೆ.