ಹೆದ್ದಾರಿಯಲ್ಲಿ ಹಳೆಯ ಕಾರು

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಹಾದಿ ಒಂದು ಕಾಲಕ್ಕೆ ಊರುಗಳ ಹಾದಿಯಾಗಿತ್ತು. ಶ್ರೀರಂಗಪಟ್ಟಣವನ್ನು ದಾಟಿ, ಮಂಡ್ಯದಲ್ಲಿ ಕಬ್ಬಿನ ಗಾಡಿಗಳಿಗೆ ದಾರಿ ಬಿಟ್ಟು, ಮದ್ದೂರಿನಲ್ಲಿ ವಡೆ ತಿಂದು, ಚನ್ನಪಟ್ಟಣದ ಬೊಂಬೆಗಳನ್ನು ನೋಡಿ, ರಾಮನಗರದ ಬಂಡೆಗಳ ಬಳಿ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರಿರುತ್ತಿತ್ತು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಸುಮಾರು 119 ಕಿಲೋಮೀಟರಿನ ಹೊಸ ಹೆದ್ದಾರಿ ಈ ಊರುಗಳನ್ನೆಲ್ಲ ಬದಿಗಿರಿಸಿ ಓಡುತ್ತದೆ. ಕಾರುಗಳಿಗೆ ಅಲ್ಲಿ ಗಂಟೆಗೆ 100 ಕಿಲೋಮೀಟರಿನ ವೇಗಮಿತಿ. ಅದೇ ವರ್ಷದ ಆಗಸ್ಟ್ 1ರಿಂದ ಸ್ಕೂಟರು, ಆಟೋರಿಕ್ಷಾ, ಟ್ರ್ಯಾಕ್ಟರುಗಳಿಗೆ ಅದರ ನಡುವಣ ಪಥಗಳಲ್ಲಿ ಪ್ರವೇಶವಿಲ್ಲ. ಐವತ್ತು ವರ್ಷ ದಾಟಿದ ಕಾರು ಆ ಪಟ್ಟಿಯಲ್ಲಿಲ್ಲವೆಂಬುದೇನೋ ನಿಜ. ಆದರೆ ಅಂಥ ಕಾರು ಅಲ್ಲಿ ಸುಖವಾಗಿ ಓಡಬಲ್ಲುದೆ, ಅದರೊಳಗೆ ಕುಳಿತವರು ಸುಖವಾಗಿ ಇರಬಲ್ಲರೆ ಎಂಬುದೇ ಈ ಹೊತ್ತಿನ ಪ್ರಶ್ನೆ.

ಹಳೆಯ ಕಾರು ಮೈಸೂರಿನವರಿಗೆ ಅಪರಿಚಿತವಲ್ಲ. ಶ್ರೀರಂಗಪಟ್ಟಣದ ಸಮೀಪ ಧರ್ಮಸ್ಥಳದ ಶ್ರೀ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳು ‘ಪಯಣ’ ಎಂಬ ಸಂಗ್ರಹಾಲಯದಲ್ಲಿ ವಿಶ್ರಮಿಸುತ್ತಿವೆ. ನಾನು ಹೇಳಹೊರಟಿರುವುದು ಅಂಥ ವಿಶ್ರಾಂತಿಯ ಭಾಗ್ಯವಿಲ್ಲದ, ಮನೆಯ ಮಗ್ಗುಲಿನ ಷೆಡ್ಡಿನಲ್ಲಿ ನಿಂತು ಆಗಾಗ್ಗೆ ಹೊರಬರುವ ಕಾರುಗಳ ಮಾತು. ನಮ್ಮ ತಂದೆಯವರು ಬಿಟ್ಟುಹೋದ 1968ರ ಅಂಬಾಸಿಡರ್ ಅಂಥದೊಂದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಆ ಕಾರಿನ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ನನ್ನ ಅಕ್ಕ ಮದುವೆಯಾಗಿ ಬೆಂಗಳೂರಿಗೆ ಹೊರಟದ್ದು ಅದರಲ್ಲಿಯೇ. ಈಗ ಪ್ರತಿ ದಸರೆಗೆ ಆಕೆಯನ್ನು ಅದರಲ್ಲಿಯೇ ಕರೆತರಬೇಕೆಂಬುದು ಮನೆಯವರ ಆಸೆ. ಹೊಸ ಹೆದ್ದಾರಿಯಲ್ಲಿ ಮೊದಲ ಸಲ ಬಂದಾಗ ಹಿಂದಿನ ಸೀಟಿನಲ್ಲಿದ್ದ ಆಕೆಯ ಒಂದು ಮಾತೂ ಮುಂದಿದ್ದ ನನಗೆ ಕೇಳಿಸಲಿಲ್ಲ. ಮನೆ ಸೇರಿದ ಮೇಲೆ, ‘ಇನ್ನು ಮೇಲೆ ರೈಲಿನಲ್ಲಿ ಬರುತ್ತೇನೆ’ ಎಂದಳು.

ಕಾರನ್ನು ಬಲ್ಲವರೊಬ್ಬರ ಬಳಿಗೆ ಒಯ್ದೆ. ಎಂಜಿನ್ನನ್ನು ತೆಗೆದು ಹೊಸ ಡೀಸೆಲ್ ಎಂಜಿನ್ನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಕೂರಿಸೋಣ, ಒಳಗೆ ತಂಪುಯಂತ್ರ ಹಾಕೋಣ ಎಂದರು. ‘ಅಂಬಾಸಿಡರ್ ಅಂತ ಗೊತ್ತೇ ಆಗೋಲ್ಲ ಸಾರ್’ ಎಂದು ಕೊನೆಗೊಂದು ಮಾತು ಸೇರಿಸಿದರು. ಆ ಕೊನೆಯ ಮಾತೇ ನನ್ನನ್ನು ಎಚ್ಚರಿಸಿತು.

ಓಲೆಗರಿಯ ಗ್ರಂಥವನ್ನು ಸಂಪಾದಿಸುವವನು ಲಿಪಿಕಾರನ ತಪ್ಪುಗಳನ್ನು ತಿದ್ದುತ್ತಾನೆ, ಕವಿಯನ್ನು ತಿದ್ದುವುದಿಲ್ಲ. ಹಳೆಯ ಕಾರಿನ ತೊಂದರೆಗಳಲ್ಲಿಯೂ ಈ ವಿವೇಚನೆ ಅಗತ್ಯ. ಯಾವುದು ಅದರ ಹುಟ್ಟುಗುಣ, ಯಾವುದು ಐವತ್ತು ವರ್ಷಗಳ ಸವೆತದ ಫಲ? ಕಾನೂನಿನ ದೃಷ್ಟಿಯೂ ಇದಕ್ಕೆ ದೂರವಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. 2021ರ ಕೇಂದ್ರ ನಿಯಮಗಳು 50 ವರ್ಷ ಮೀರಿದ, ಚಾಸಿಸ್, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದ ಖಾಸಗಿ ವಾಹನಕ್ಕೇ ‘ವಿಂಟೇಜ್’ ಎಂಬ ಮನ್ನಣೆಯನ್ನು ಕೊಡುತ್ತವೆ. ಆ ಹೆಸರಿನಲ್ಲಿ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವಾದ್ದರಿಂದ ನಮ್ಮದು ಸಾಮಾನ್ಯ ನೋಂದಣಿಯಲ್ಲಿಯೇ ಉಳಿದಿದೆ.

ಮೊದಲನೆಯದು ನಡುಕ. ಚಕ್ರದ ತೂಕ ಒಂದು ಕಡೆಗೆ ತುಸು ಹೆಚ್ಚಿದ್ದರೆ ಅದು ಹುಟ್ಟಿಸುವ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎಂದರೆ 40 ಕಿಲೋಮೀಟರಿನಲ್ಲಿ ಇದ್ದುದು 80ರಲ್ಲಿ ನಾಲ್ಕು ಪಟ್ಟಾಗುತ್ತದೆ. ಊರೊಳಗೆ ಸಾಧುವಾಗಿರುವ ಕಾರು ಹೆದ್ದಾರಿಯಲ್ಲಿ ನಡುಗುವುದರ ಗುಟ್ಟು ಇದು. ಆದ್ದರಿಂದ ಚಕ್ರಗಳ ಸಮತೋಲವನ್ನು ಮೊದಲು ನೋಡಬೇಕು. ಅನಂತರ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಅಚ್ಚಿಗೆ ಒಯ್ಯುವ ಉದ್ದನೆಯ ದಂಡದ ಕೀಲುಗಳನ್ನೂ, ಎಂಜಿನ್ನು ಕುಳಿತ ರಬ್ಬರು ದಿಂಬುಗಳನ್ನೂ ನೋಡಬೇಕು. ಟೈರಿನ ಮೇಲೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ಸೂಚಿಸುತ್ತವೆ. ನಮ್ಮ ಕಾರಿನ ಟೈರುಗಳು ಸವೆದಿರಲಿಲ್ಲ, ನಿಂತು ನಿಂತೇ ಕಲ್ಲಾಗಿದ್ದವು.

ಎರಡನೆಯದು ಸದ್ದು. ಇದರಲ್ಲಿ ಬಹುಪಾಲು ಎಂಜಿನ್ನಿನದಲ್ಲ, ಬಿರುಕುಗಳದು. ಬಾಗಿಲಿನ ರಬ್ಬರು ಒಣಗಿದಲ್ಲಿ ಗಾಳಿ ಸಿಳ್ಳೆ ಹಾಕುತ್ತದೆ. ಎಂಜಿನ್ನಿಗೂ ನಮಗೂ ನಡುವಿನ ತಗಡಿನ ಗೋಡೆಯಲ್ಲಿ ತಂತಿಗಳು ಹಾಯುವ ತೂತುಗಳ ಮುಚ್ಚಳ ಕಳಚಿದ್ದರೆ ಸದ್ದಿನ ಜೊತೆಗೆ ಶಾಖವೂ ಒಳನುಗ್ಗುತ್ತದೆ. ನೆಲದ ತಗಡಿಗೆ ಡಾಮರಿನ ಹಾಳೆಯನ್ನು ಹೊಂದಿಸಿ, ಮೇಲೆ ಸೆಣಬಿನ ದಪ್ಪ ಹಾಸನ್ನು ಹರಡಿದರೆ ತಗಡಿನ ಗುಂಯ್‌ಗಾರ ಅಡಗುತ್ತದೆ. ನಾನು ಒಂದು ನಿಯಮವನ್ನು ಹಾಕಿಕೊಂಡೆ: ಹೊಸದಾಗಿ ಸೇರಿಸಿದ್ದು ಯಾವುದೇ ಇರಲಿ, ನಾಳೆ ಯಾರಾದರೂ ತೆಗೆದರೆ ಕಾರಿನ ಮೈಮೇಲೆ ಗಾಯ ಉಳಿಯಬಾರದು.

ಮೂರನೆಯದು ಪೆಟ್ರೋಲು. ಇಂದು ನಮಗೆ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಹಳೆಯ ಕಾಲದ ರಬ್ಬರು ಕೊಳವೆಗಳೂ ಪಂಪಿನ ಪೊರೆಯೂ ಅದನ್ನು ತಾಳಲಾರವು. ಎಥನಾಲನ್ನು ತಡೆಯಬಲ್ಲ ಕೊಳವೆಗಳನ್ನು ಹಾಕಿಸಿ, ಅವನ್ನು ಬಿಸಿಯಾದ ಭಾಗಗಳಿಂದ ದೂರವಿರಿಸುವುದು ಸುಖಕ್ಕಷ್ಟೇ ಅಲ್ಲ, ಬೆಂಕಿಯ ಭಯದಿಂದಲೂ ಅವಶ್ಯ.

ಇವೆಲ್ಲ ಸವೆತದ ಕಥೆಯಾಯಿತು. ಹುಟ್ಟುಗುಣದ ಮಾತು ಬೇರೆ. ಆ ಕಾಲದ ಅಂಬಾಸಿಡರಿನಲ್ಲಿ ನಾಲ್ಕೇ ಗೇರುಗಳು. ನಾಲ್ಕನೆಯದರಲ್ಲಿ ಚಕ್ರವೊಂದು ಸುತ್ತು ಸುತ್ತಬೇಕಾದರೆ ಎಂಜಿನ್ನು ನಾಲ್ಕೂವರೆಯಿಂದ ಐದರವರೆಗೆ ಸುತ್ತಬೇಕು. 80 ಕಿಲೋಮೀಟರು ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 3000 ಸುತ್ತು. 100ರಲ್ಲಿ 3800ರ ಹತ್ತಿರ. ಹಿಂದಿನ ಅಚ್ಚಿನ ಹಲ್ಲುಗಾಲಿಗಳನ್ನು ಬದಲಿಸಿ ಈ ಸುತ್ತನ್ನು ಇಳಿಸುವುದುಂಟು. ಆದರೆ ಬಯಲಿನಲ್ಲಿ ಗಳಿಸಿದ್ದನ್ನು ಚಾಮುಂಡಿಬೆಟ್ಟದ ಏರಿನಲ್ಲಿ ತೆರಬೇಕಾಗುತ್ತದೆ. ಗಾಳಿಯ ಲೆಕ್ಕ ಇನ್ನೂ ಕಠಿಣ. ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲುಪಾಲು, ಶಕ್ತಿಯ ಬೇಡಿಕೆ ಹೆಚ್ಚುಕಡಿಮೆ ಇಮ್ಮಡಿ.

ಬ್ರೇಕಿನ ಮಾತನ್ನು ಮರೆಯಬಾರದು. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ 80ರಲ್ಲಿ ಇದ್ದುದಕ್ಕಿಂತ 100ರಲ್ಲಿ ಒಂದೂವರೆ ಪಟ್ಟಿಗೂ ಮಿಗಿಲು. ನಮ್ಮದು ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಮತ್ತೆ ಮತ್ತೆ ಒತ್ತಿದರೆ ಬಿಸಿಯೇರಿ ಹಿಡಿತ ಸಡಿಲುತ್ತದೆ. ಬ್ರೇಕಿನ ದ್ರವ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಬೇಕು. ನಿಲ್ಲಬಲ್ಲೆನೆಂಬ ನಂಬಿಕೆಯಿಲ್ಲದವನಿಗೆ ಎಂಥ ಮೆತ್ತನೆಯ ಸೀಟೂ ಸುಖ ಕೊಡಲಾರದು.

ಹಾಗಾದರೆ ಹುಟ್ಟುಗುಣಕ್ಕೆ ಪರಿಹಾರವೇನು? ಒಂದು ಸಣ್ಣ ಲೆಕ್ಕ. 119 ಕಿಲೋಮೀಟರನ್ನು 100ರ ವೇಗದಲ್ಲಿ ಕ್ರಮಿಸಲು ಸುಮಾರು 71 ನಿಮಿಷ, 80ರಲ್ಲಿ 89. ಉಳಿಯುವುದು 18 ನಿಮಿಷ. ಈ 18 ನಿಮಿಷಗಳಿಗಾಗಿ ತಂದೆಯವರ ಕಾರನ್ನು ಇನ್ನೊಂದು ಕಾರಾಗಿ ಮಾಡಬೇಕೆ? ಬೇಡವೆಂದು ನಿಶ್ಚಯಿಸಿದೆ. ಸವೆತವನ್ನು ಸರಿಪಡಿಸಿದೆ, ಗುಣವನ್ನು ಒಪ್ಪಿಕೊಂಡೆ. ಎಡಪಕ್ಕದ ಪಥ, 75ರಿಂದ 80ರೊಳಗಿನ ವೇಗ, ಇಷ್ಟೇ ನನ್ನ ವ್ರತ.

ಮುಂದಿನ ದಸರೆಗೆ ಅಕ್ಕನನ್ನು ಬಹಳ ಒತ್ತಾಯಿಸಿ ಕರೆತಂದೆ. ಬಿಡದಿ ದಾಟುವಷ್ಟರಲ್ಲಿ ಆಕೆ ಹಿಂದಿನಿಂದ, ‘ಅಪ್ಪ ಈ ಕಾರಿನಲ್ಲಿ ಎಂದೂ ಅವಸರ ಮಾಡಿದವರಲ್ಲ’ ಎಂದಳು. ಮಾತು ಸ್ಪಷ್ಟವಾಗಿ ಕೇಳಿಸಿತು. ಮದ್ದೂರಿನ ಬಳಿ ಹೆದ್ದಾರಿಯನ್ನು ಬಿಟ್ಟು ಊರೊಳಕ್ಕೆ ಇಳಿದು, ಉಳಿಸದೆ ಬಿಟ್ಟ ಹದಿನೆಂಟು ನಿಮಿಷಗಳ ಜೊತೆಗೆ ಇನ್ನೊಂದಿಷ್ಟನ್ನು ವಡೆಗೂ ಕಾಫಿಗೂ ಕೊಟ್ಟೆವು.