ಜರ್ಮನಿಗೆ ಮಾಸ್ಟರ್ಸ್: ನಿಮ್ಮ 8 ಅಲ್ಲಿ ಎಷ್ಟು?

ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡ್ಬೇಕಾ? ಎಸ್‌ಒಪಿ (ಉದ್ದೇಶ ಪತ್ರ) ಆಮೇಲೆ ಬರೀರಿ, ಮೊದಲು ಎಪಿಎಸ್‌ಗೆ ಅರ್ಜಿ ಹಾಕಿ. ನಿಮ್ಮ ಅಂಕಪಟ್ಟಿ ಅಸಲಿ ಅಂತ ದೆಹಲಿಯಿಂದ ಕೊಡೋ ಸರ್ಟಿಫಿಕೇಟ್ ಇದು. 2022ರ ನವೆಂಬರ್‌ನಿಂದ ವೀಸಾಕ್ಕೆ ಕಡ್ಡಾಯ.

ಇನ್ನು ಮಾರ್ಕ್ಸು. ಜರ್ಮನಿಯಲ್ಲಿ ಲೆಕ್ಕ ಉಲ್ಟಾ: 1 ಅಂದ್ರೆ ಅತ್ಯುತ್ತಮ, 4 ಅಂದ್ರೆ ಬರೀ ಪಾಸು. ನಿಮ್ಮ ಸಿಜಿಪಿಎ 8 ಅಂದ್ಕೊಳ್ಳಿ. 10ರಲ್ಲಿ 8 ಕಳೆದ್ರೆ 2. ನಿಮ್ಮ ಯೂನಿವರ್ಸಿಟಿಯಲ್ಲಿ ಪಾಸಾಗೋಕೆ 4 ಸಾಕಿತ್ತಾ? 10ರಲ್ಲಿ ಅದನ್ನ ಕಳೆದ್ರೆ 6. ಈಗ 2ನ್ನ 6ರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಬಂತು 2.0. ಪಾಸ್ ಮಿತಿ 5 ಆಗಿದ್ರೆ? ಅದೇ 8 ಇದ್ದೋರಿಗೆ 2.2! ಕಟ್‌ಆಫ್ ಅಂಚಲ್ಲಿ ಇರೋರಿಗೆ ಇದೇನು ಸಣ್ಣ ವಿಷಯ ಅಲ್ಲ ಬಿಡಿ. ಪಾಸ್ ಮಿತಿ ಬರೆದಿರೋ ಪತ್ರ ಯೂನಿವರ್ಸಿಟಿಯಿಂದ ಈಗಲೇ ತಗೊಳ್ಳಿ.

ಚಳಿಗಾಲದ ಸೆಮಿಸ್ಟರ್‌ಗೆ ಅರ್ಜಿ ಹಾಕೋಕೆ ಬಹಳ ಕಡೆ ಜುಲೈ 15 ಕೊನೇ ದಿನ. ಕೆಲವು ಕಡೆ ಇನ್ನೂ ಮುಂಚೆ.